ಕಿಯಾಂತಿಯಲ್ಲಿ ಒಂದು ದಿನ: ಎರಡು ತೋಟ, ಒಂದು ನಿಧಾನದ ಊಟ

ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಳೇ ಕಿಯಾಂತಿ. ಇಲ್ಲಿಗೆ ವೈನ್ ಟೂರ್ ಅಂತ ಹುಡುಕಿದರೆ ರಾಶಿ ರಾಶಿ ಸಿಗುತ್ತವೆ. ಒಂದೇ ದಿನಕ್ಕೆ ನಾಲ್ಕು ತೋಟ, ಎರಡು ಊರು, ಮೇಲೊಂದು ಸೂರ್ಯಾಸ್ತ ಅಂತೆಲ್ಲ ಇರುತ್ತದೆ. ಅವನ್ನು ಬಿಡಿ. ಎರಡೇ ತೋಟ ಇರುವುದನ್ನು, ನಡುವೆ ಕೂತು ಊಟ ಮಾಡಿಸುವುದನ್ನು ಹುಡುಕಿ. ಮೂರನೇ ತೋಟ ಮುಟ್ಟುವಷ್ಟರಲ್ಲಿ ನಾಲಿಗೆ ಸೋತಿರುತ್ತದೆ, ಏನು ಕೊಟ್ಟರೂ ಒಂದೇ ರುಚಿ.

ಹೋಗೋಕೆ ಒಳ್ಳೆ ಕಾಲ ಅಂದ್ರೆ ಮೇ, ಜೂನ್, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲು, ನೋಡೋಕೆ ಚೆಂದ, ಆದರೆ ತೋಟದವರಿಗೆ ಮಾತಾಡುವಷ್ಟು ಪುರುಸೊತ್ತು ಇರುವುದಿಲ್ಲ. ಆಗಸ್ಟ್ ಮಧ್ಯದಲ್ಲಿ ಮಾತ್ರ ಬೇಡ: ಬಿಸಿಲು ಜಾಸ್ತಿ, ಅಲ್ಲಿನ 15ರ ಹಬ್ಬದ ಆಸುಪಾಸು ಎಷ್ಟೋ ಕಡೆ ಬಾಗಿಲು ಹಾಕಿರುತ್ತಾರೆ. ಸಣ್ಣ ತೋಟಗಳಿಗೆ ಮೊದಲೇ ಬುಕ್ ಮಾಡದೆ ಸುಮ್ನೆ ಹೋಗಿ ನಿಲ್ಲೋದು ಬೇಡ.

ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸ್ತೀವಿ ಅನ್ನುವವರಿಗೆ ಒಂದು ಮಾತು. ಇಟಲಿಯಲ್ಲಿ ಚಾಲಕನ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ದಾಟುವ ಹಾಗಿಲ್ಲ. ಲೈಸೆನ್ಸ್ ಸಿಕ್ಕಿ 3 ವರ್ಷ ಆಗದವರಿಗಂತೂ ಒಂದು ಹನಿಯೂ ಇಲ್ಲ. ರಸ್ತೆ ಪೂರ್ತಿ ತಿರುವು ಬೇರೆ. ಫ್ಲಾರೆನ್ಸಿನಿಂದ ಡ್ರೈವರ್ ಸಮೇತ ಬರುವ ವ್ಯಾನ್ ಹಿಡಿಯಿರಿ, ಇಲ್ಲವೇ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಕೂತು ಗ್ರೇವೆ ಊರಿಗೆ ಬಂದು ಅಲ್ಲಿಂದ ಗೈಡ್ ಜೊತೆ ಸೇರಿಕೊಳ್ಳಿ. ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು: ಗುಂಪಿನಲ್ಲಿ ಎಷ್ಟು ಜನ, ರುಚಿ ನೋಡುವ ಶುಲ್ಕ ಸೇರಿದೆಯಾ, ಊಟ ಅಂದ್ರೆ ಊಟವೇನಾ. 'ಲೈಟ್ ಲಂಚ್' ಅಂತ ಬರೆದಿದ್ದರೆ ನಾಲ್ಕು ತುಂಡು ಚೀಸ್, ಎರಡು ಬ್ರೆಡ್ ಅಷ್ಟೇ ಇರಬಹುದು.

ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದೇ ಹೊರಡಿ. ಸೆಂಟ್ ಹಾಕಿಕೊಳ್ಳಬೇಡಿ, ನಿಮಗಷ್ಟೇ ಅಲ್ಲ, ಪಕ್ಕದವರಿಗೂ ವೈನಿನ ವಾಸನೆ ಸಿಗುವುದಿಲ್ಲ. ವೈನ್ ಇಡುವ ನೆಲಮಾಳಿಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಒಂದು ಶಾಲು ಇರಲಿ.

ಗೈಡ್ ಬಾಟಲಿ ತೋರಿಸುವಾಗ ಕತ್ತಿನ ಹತ್ತಿರ ನೋಡಿ. ಕಪ್ಪು ಹುಂಜದ ಗುರುತು ಇದ್ದರೆ ಅದು ಕಿಯಾಂತಿ ಕ್ಲಾಸಿಕೊ. ಬರೀ ಕಿಯಾಂತಿ ಅಂತ ಇದ್ದರೆ ಬೇರೆ, ಸುತ್ತಲಿನ ದೊಡ್ಡ ಸೀಮೆಯದ್ದು. ಈ ವೈನ್ ಯಾವ ಊರುಗಳಲ್ಲಿ ಮಾಡಬೇಕು ಅಂತ ಈ ಸೀಮೆಯನ್ನು ಆಳುತ್ತಿದ್ದ ಮೆದಿಚಿ ಮನೆತನದ ಮೂರನೇ ಕೋಸಿಮೊ 1716ರಲ್ಲೇ ಗಡಿ ಹಾಕಿದ್ದ. ಕ್ಲಾಸಿಕೊದಲ್ಲಿ ಕನಿಷ್ಠ 80% ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು. ಮಾರುವ ಮೊದಲು ಮಾಮೂಲಿಯದಕ್ಕೆ ಕನಿಷ್ಠ 12 ತಿಂಗಳು, ಅದರ ಮೇಲಿನ ದರ್ಜೆಯ ರಿಸೆರ್ವಾಗೆ 24, ಎಲ್ಲಕ್ಕೂ ಮೇಲಿನ ಗ್ರಾನ್ ಸೆಲೆತ್ಸಿಯೋನೆಗೆ 30 ತಿಂಗಳು ಕಾಯುತ್ತಾರೆ. ಎಳೆಯದರಿಂದ ಶುರು ಮಾಡಿ ಹಳೆಯದಕ್ಕೆ ಹೋಗಿ.

ಈಗ ಕುಡಿಯುವ ವಿಷಯ. ಗ್ಲಾಸಿನ ಕಾಲು ಹಿಡಿಯಿರಿ, ಹೊಟ್ಟೆ ಹಿಡಿದರೆ ಕೈಯ ಬಿಸಿ ತಾಗುತ್ತದೆ. ಬಿಳಿ ಕಾಗದದ ಮೇಲೆ ಸ್ವಲ್ಪ ವಾಲಿಸಿ: ಅಂಚಿನಲ್ಲಿ ಇಟ್ಟಿಗೆ ಬಣ್ಣ ಕಂಡರೆ ವಯಸ್ಸಾದದ್ದು. ಅಲ್ಲಾಡಿಸದೆ ಒಮ್ಮೆ ಮೂಸಿ, ಆಮೇಲೆ ಗ್ಲಾಸ್ ತಿರುಗಿಸಿ ಇನ್ನೊಮ್ಮೆ. ಒಂದು ಗುಟುಕು ತಗೊಂಡು ತಕ್ಷಣ ನುಂಗದೆ ಬಾಯಿ ತುಂಬ ಆಡಿಸಿ. ಮೊದಲು ನಾಲಿಗೆಯ ಪಕ್ಕದಲ್ಲಿ ಹುಳಿ ಚಿಮ್ಮುತ್ತದೆ, ಹಿಂದೆಯೇ ಒಸಡಿಗೆ ಹಸಿ ಅಡಿಕೆ ಅಗಿದ ಹಾಗೆ ಒಗರು ಹಿಡಿಯುತ್ತದೆ. ಮೊದಲ ಸಲ ಕುಡಿದವರು ಮುಖ ಕಿವುಚೋದು ಇಲ್ಲೇ! ಆಗ ಪೆಕೊರಿನೊ, ಅಂದ್ರೆ ಕುರಿ ಹಾಲಿನ ಚೀಸ್, ಒಂದು ಚೂರು ಬಾಯಿಗೆ ಹಾಕಿ, ಅಗಿದು, ಅದೇ ವೈನ್ ಇನ್ನೊಂದು ಗುಟುಕು ಕುಡಿದು ನೋಡಿ. ಒಗರು ಮೆತ್ತಗಾಗಿ ಹಣ್ಣಿನ ರುಚಿ ಮುಂದೆ ಬರುತ್ತದೆ. ಇದನ್ನು ಮಾಡಿ ತೋರಿಸದೆ ಬರೀ ಇತಿಹಾಸ ಹೇಳುವ ಗೈಡ್ ಇದ್ದರೆ ನೀವೇ ಮಾಡಿಕೊಳ್ಳಿ.

ಮೇಜಿನ ಮೇಲಿನ ಬಕೆಟ್ ಉಗುಳೋಕೆ ಅಂತಲೇ ಇಟ್ಟದ್ದು. ನಾಚಿಕೆ ಏನಿಲ್ಲ, ವೈನ್ ಮಾಡುವವರೂ ಉಗುಳುತ್ತಾರೆ.

ಬ್ರೆಡ್ಡಿಗೆ ಉಪ್ಪೇ ಇಲ್ಲ ಅನ್ನಿಸುತ್ತದೆ. ನಿಜವಾಗಿಯೂ ಇರುವುದಿಲ್ಲ, ಕಿಯಾಂತಿ ಇರುವ ಟಸ್ಕನಿ ಪ್ರಾಂತ್ಯದ ಪದ್ಧತಿಯೇ ಹಾಗೆ. ಜೊತೆಗೆ ಬರುವ ಚೀಸ್, ಸೋಂಪು ಹಾಕಿದ ಹಂದಿ ಮಾಂಸದ ಫಿನೊಕ್ಕಿಯೋನಾ ಸಲಾಮಿಯಲ್ಲಿ ಬೇಕಾದಷ್ಟು ಉಪ್ಪು ಇದೆ. ಆಲಿವ್ ಎಣ್ಣೆ ಬ್ರೆಡ್ಡಿಗೆ ಸುರಿದು ತಿಂದಾಗ ಕಹಿಯಾಗಿ, ಗಂಟಲಿನಲ್ಲಿ ಖಾರ ಕೊಟ್ಟು ಕೆಮ್ಮು ಬಂದರೆ ಗಾಬರಿ ಬೇಡ, ತಾಜಾ ಒಳ್ಳೆ ಎಣ್ಣೆಯ ಗುಣವೇ ಅದು.

ನಮ್ಮಲ್ಲಿ ಸಸ್ಯಾಹಾರಿಗಳು ಬಹಳ ಜನ ಅಲ್ವಾ, ಅವರು ಇದನ್ನು ಊಟಕ್ಕೆ ಕೂತಮೇಲೆ ಅಲ್ಲ, ಬುಕ್ ಮಾಡುವಾಗಲೇ ಹೇಳಬೇಕು: 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ', ಮಾಂಸ ಬೇಡ, ಮೀನು ಬೇಡ. ಸುಟ್ಟ ಬ್ರೆಡ್ ಮೇಲೆ ಕಂದು ಬಣ್ಣದ ಚಟ್ನಿಯಂಥದ್ದು ಬಂದರೆ ಅದು ಕೋಳಿಯ ಪಿತ್ತಜನಕಾಂಗ, ಅಣಬೆ ಅಂದುಕೊಂಡು ತಿಂದುಬಿಡಬೇಡಿ. ಟೊಮೆಟೊ, ಬ್ರೆಡ್ ಹಾಕಿ ಬೇಯಿಸಿದ ಪಾಪ್ಪಾ ಅಲ್ ಪೊಮೊದೊರೊ, ಬೇಸಿಗೆಯ ಬ್ರೆಡ್-ಟೊಮೆಟೊ ಸಲಾಡ್ ಪಾಂತ್ಸಾನೆಲ್ಲಾ, ಬಿಳಿ ಬೀನ್ಸ್ ಧಾರಾಳವಾಗಿ ಸಿಗುತ್ತವೆ. ಸೊಪ್ಪು, ಬೀನ್ಸಿನ ರಿಬೊಲ್ಲಿತಾ ಸೂಪ್ ಚೆನ್ನಾಗಿರುತ್ತದೆ, ಆದರೆ ಕೆಲವರು ಅದಕ್ಕೆ ಹಂದಿ ಮಾಂಸ ಸೇರಿಸುತ್ತಾರೆ, ಕೇಳಿಕೊಳ್ಳಿ. ಚೀಸಿಗೆ ಹಾಲು ಗಟ್ಟಿಯಾಗಿಸುವ ಹೆಪ್ಪು ಪ್ರಾಣಿಯದ್ದೂ ಆಗಿರಬಹುದು, ಅದರ ಬಗ್ಗೆಯೂ ಕಟ್ಟುನಿಟ್ಟು ಇರುವವರು 'ಕಾಲ್ಯೊ ವೆಜೆತಾಲೆ' ಇದೆಯಾ ಅಂತ ವಿಚಾರಿಸಿ, ಅದು ಸಸ್ಯದ ಹೆಪ್ಪು.

ಊಟದ ಕೊನೆಗೆ ವಿನ್ ಸಾಂತೊ ಅನ್ನುವ ಸಿಹಿ ವೈನ್ ಬರುತ್ತದೆ. ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಸಣ್ಣ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಮಾಡುವುದು. ಗಟ್ಟಿ ಬಾದಾಮಿ ಬಿಸ್ಕತ್ತನ್ನು ಅದರಲ್ಲಿ ಅದ್ದಿ ತಿನ್ನಿ, ಹಲ್ಲಿಗೂ ಸಲೀಸು.

ಮಧ್ಯಾಹ್ನದ ತೋಟ ಚಿಕ್ಕದಿರಲಿ, ಮನೆಯವರೇ ಬಂದು ಸುರಿಯುವಂಥದ್ದು. ಬಾಟಲಿ ಕೊಳ್ಳಲೇಬೇಕು ಅಂತೇನಿಲ್ಲ. ಕೊಂಡರೆ ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, 750 ಮಿಲಿಯ ಬಾಟಲಿ ಆದರೆ ಎರಡು. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಆಲಿವ್ ಎಣ್ಣೆಯನ್ನು ಡಬ್ಬದಲ್ಲೇ ತಗೊಳ್ಳಿ, ಒಡೆಯುವ ಭಯವಿಲ್ಲ, ಬೆಳಕೂ ತಾಗುವುದಿಲ್ಲ. ಯಾವ ವರ್ಷದ ಕೊಯ್ಲು ಅಂತ ಕೇಳಿ ತಗೊಳ್ಳಿ, ಮನೆಗೆ ಬಂದಮೇಲೆ ಒಲೆಯ ಪಕ್ಕ ಇಡದೆ ಬೇಗ ಬಳಸಿಬಿಡಿ.