ದೊಡ್ಡಹಬ್ಬಕ್ಕೆ ವೃದ್ಧಾಶ್ರಮಕ್ಕೆ ಹೋಗೋದು: ನನ್ನ ಅನುಭವ

ಮೊದಲ ವರ್ಷ ನಾವು ಮಾಡಿದ್ದೆಲ್ಲ ತಪ್ಪೇ. ದೊಡ್ಡಹಬ್ಬ ಅಂದರೆ ನಮ್ಮ ಕಡೆ ದೀಪಾವಳಿ. ಅದರ ಬಲಿಪಾಡ್ಯಮಿ ದಿನ ಆಫೀಸಿನ ಐದಾರು ಜನ ಸೇರಿ ಗಾಂಧಿ ಬಜಾರಿನಲ್ಲಿ ಲಾಡು, ಮೈಸೂರುಪಾಕು, ಸೇಬು ಕಟ್ಟಿಸಿಕೊಂಡು ಶಿವಮೊಗ್ಗದ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಹೋದೆವು. ನಮಗಿಂತ ಮುಂಚೆ ಎರಡು ತಂಡ ಬಂದು ಹೋಗಿತ್ತು. ಪ್ರತಿ ಮಂಚದ ಪಕ್ಕ ಆಗಲೇ ಸ್ವೀಟ್ ಬಾಕ್ಸ್. ನಾವೂ ಕೊಟ್ಟೆವು, ಫೋಟೋ ತೆಗೆದುಕೊಂಡೆವು, ಮುಕ್ಕಾಲು ಗಂಟೆಯಲ್ಲಿ ವಾಪಸ್. ಸಂಜೆ ಅಲ್ಲಿನ ಮೇಡಂ ಫೋನ್ ಮಾಡಿ, ಒಬ್ಬ ಅಜ್ಜನ ಶುಗರ್ ಸಿಕ್ಕಾಪಟ್ಟೆ ಏರಿದೆ ಅಂದರು. ಬೈಯಲಿಲ್ಲ. "ಮುಂದಿನ ಸಲ ಬರೋ ಮುಂಚೆ ಒಂದು ಫೋನ್ ಮಾಡಿ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಈಗ ಹಬ್ಬದ ದಿನ ಹೋಗೋದನ್ನೇ ಬಿಟ್ಟಿದ್ದೇನೆ. ನೀರು ತುಂಬೋ ಹಬ್ಬಕ್ಕೆ ಒಂದು ದಿನ ಮುಂಚೆ ಒಂದು ಸಲ, ಹಬ್ಬ ಮುಗಿದು ವಾರಕ್ಕೆ ಇನ್ನೊಂದು ಸಲ. ಆ ಎರಡನೇ ಸಲದ ಭೇಟಿಯೇ ಮುಖ್ಯ. ಯಾಕೆಂದರೆ ಅಷ್ಟು ಹೊತ್ತಿಗೆ ಬರೋರೆಲ್ಲ ಬಂದು ಹೋಗಿರುತ್ತಾರೆ, ಬರಲೇಬೇಕಾಗಿದ್ದ ಮಗನೋ ಮಗಳೋ ಬಂದಿರೋದಿಲ್ಲ, ಆಶ್ರಮ ಬಿಕೋ ಅನ್ನುತ್ತಿರುತ್ತದೆ.

ಹೋಗುವ ಮುಂಚೆ ಫೋನ್ ಮಾಡಿ ಯಾರಿಗೆ ಏನು ಆಗೋದಿಲ್ಲ ಅಂತ ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಹತ್ತೂವರೆ ಹೊತ್ತು ಒಳ್ಳೇದು, ಊಟ ಆದಮೇಲೆ ಎಲ್ಲರೂ ಮಲಗುತ್ತಾರೆ. ನೆಗಡಿ ಕೆಮ್ಮು ಇದ್ದರೆ ಹೋಗೋದೇ ಇಲ್ಲ. ಚಕ್ಕುಲಿ ಒಯ್ಯುವುದಿಲ್ಲ, ಅರ್ಧ ಜನಕ್ಕೆ ಹಲ್ಲಿಲ್ಲ. ಮರೆವು ಬಂದವರ ಹತ್ತಿರ "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬಾರದು. ಪಾಪ, ಎಷ್ಟು ಕಷ್ಟಪಡುತ್ತಾರೆ ಗೊತ್ತಾ. ಎದುರಿಗೆ ಕೂತು ನಮ್ಮ ಹೆಸರು ನಾವೇ ಹೇಳಿದರಾಯಿತು.

ಆದರೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಬೇರೆಯೇ. ಎರಡು ವರ್ಷದ ಹಿಂದೆ ಗೋಪೂಜೆಗೆ ಮನೆಗೆ ಬೇಕಾದ ಅಡಿಕೆ, ಚೆಂಡುಹೂವು, ಪಚ್ಚೆತೆನೆ ಎಲ್ಲ ತುಂಬಿದ ಚೀಲದ ಸಮೇತ ಸೀದಾ ಆಶ್ರಮಕ್ಕೆ ಹೋಗಿದ್ದೆ. ಸುಮ್ನೆ ಕೂರೋದು ಯಾಕೆ ಅಂತ ಅಲ್ಲೇ ಜಗುಲಿಯಲ್ಲಿ ಸರ ಕಟ್ಟೋಕೆ ಶುರುಮಾಡಿದೆ. ಸೂಜಿ ಅಡಿಕೆಗೆ ಇಳಿಯುತ್ತದೆಯೇ? ಮೂಲೆಯಲ್ಲಿ ಕೂತಿದ್ದ, ಅಲ್ಲಿಯವರೆಗೂ ನನ್ನ ಹತ್ತಿರ ಒಂದು ಮಾತೂ ಆಡದ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ನೋಡಿದರು, ತಡೆಯಲಾಗಲಿಲ್ಲ. "ಎಂಥ ಕಟ್ತೀಯ ಮಾರಾಯ, ಇದು ದನದ ಕೊರಳಿಗೋ, ಗಣಪತಿಗೋ? ತಾ ಇಲ್ಲಿ." ಬಾಳೆಪಟ್ಟೆ ತರಿಸಿ ನೀರಲ್ಲಿ ನೆನೆಹಾಕಿಸಿದರು. ಅಡಿಕೆ ಸಿಪ್ಪೆಯನ್ನು ಉಗುರಲ್ಲಿ ಒಂದೆಳೆ ಎಬ್ಬಿಸಿ, ಅದನ್ನೇ ಹುರಿ ಮಾಡಿ ಪಟ್ಟೆಗೆ ಗಂಟು ಹಾಕಿದರು. ಕೈ ನಡುಗುತ್ತಿತ್ತು, ಗಂಟು ಮಾತ್ರ ಬಿಗಿ. ನಾನು ತಂದಿದ್ದು ಹಸಿರಡಿಕೆ, ಸಿಪ್ಪೆ ಬಿಡುತ್ತಿರಲಿಲ್ಲ, ಅದಕ್ಕೂ ಬೈದರು.

ಕಟ್ಟುತ್ತಾ ಕಟ್ಟುತ್ತಾ ಮಾತು ಬಂತು. ಅವರ ತವರು ಶರಾವತಿ ದಂಡೆಯಲ್ಲಿತ್ತಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಇವರು ಸಣ್ಣ ಹುಡುಗಿ. ಊರು ಹಿನ್ನೀರಲ್ಲಿ ಮುಳುಗುತ್ತದೆ ಅಂತ ಪಾತ್ರೆ ಪಗಡೆ, ಬಾಗಿಲು, ಹೆಂಚು ಎಲ್ಲ ಲಾರಿಗೆ ಹತ್ತಿತು. ಒಂದು ಮುದಿ ಹಸು ಮಾತ್ರ ಏನು ಮಾಡಿದರೂ ಹತ್ತಲಿಲ್ಲ. ಅದೇನಾಯಿತು ಅಂತ ಕೇಳಿದೆ. "ಅಪ್ಪಯ್ಯ ಹೇಳಲಿಲ್ಲ" ಅಂದರು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಕುರ್ಚಿ ಎಳೆದುಕೊಂಡು ಬಂದಿದ್ದರು, ಹಬ್ಬದಲ್ಲಿ ಮನೆಮನೆಗೆ ಹಾಡುತ್ತಾ ಬರೋ ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡಿದು ಬಂದಾಗ ಯಾರ ಮನೆಯಲ್ಲಿ ಜಾಸ್ತಿ ಎಣ್ಣೆ ಹಾಕುತ್ತಿದ್ದರು ಅನ್ನೋ ವಾದ ಶುರುವಾಗಿ ಊಟದ ಗಂಟೆ ಹೊಡೆದಿದ್ದೂ ಯಾರಿಗೂ ಕೇಳಲಿಲ್ಲ.

ಮುಜುಗರದ ಮಾತೂ ಬರುತ್ತವೆ. ಒಬ್ಬ ಅಜ್ಜ ಕೈ ಹಿಡಿದು, ಮಗ ತೋಟ ಬರೆಸಿಕೊಂಡು ಇಲ್ಲಿ ಬಿಟ್ಟು ಹೋದ ಅಂದರು. ನಾನು ಪಂಚಾಯ್ತಿ ಮಾಡೋಕೆ ಹೋಗಲಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಹತ್ತಿರ ಅರ್ಜಿ ಕೊಡಬಹುದು, ಹಿರಿಯರ ಸಹಾಯವಾಣಿ 14567ಕ್ಕೆ ಪುಕ್ಕಟೆ ಫೋನ್ ಮಾಡಿ ಕೇಳಬಹುದು ಅಂತ ಚೀಟಿ ಬರೆದುಕೊಟ್ಟೆ. ಚೀಟಿ ಮಡಚಿ ಜೇಬಿಗಿಟ್ಟು, "ಅವನಿಗೂ ಎರಡು ಮಕ್ಕಳಿದಾವೆ" ಅಂದರು. ಆಮೇಲೆ ಏನು ಮಾಡಿದರು ಅಂತ ನಾನು ಕೇಳಿಲ್ಲ.

ಇನ್ನೊಂದು. "ಮುಂದಿನ ವಾರ ಬರ್ತೀನಿ" ಅಂತ ಬಾಯಿಮಾತಿಗೆ ಹೇಳಬೇಡಿ. ನಾವು ಮರೆಯುತ್ತೇವೆ, ಅವರು ದಿನ ಎಣಿಸುತ್ತಾರೆ. ನಾನು ಒಮ್ಮೆ ಹಾಗೆ ಹೇಳಿ ಹೋಗದೆ ಇದ್ದು, ತಿಂಗಳ ಮೇಲೆ ಹೋದಾಗ ಒಬ್ಬರು ಮುಖ ತಿರುಗಿಸಿಕೊಂಡೇ ಕೂತಿದ್ದರು.

ಆ ವರ್ಷ ಹಬ್ಬ ಕಳೆದು ವಾರಕ್ಕೆ ಹೋದಾಗ ಅಜ್ಜಿ ಬಾಗಿಲಲ್ಲೇ ಹಿಡಿದರು. "ಸರ ನಿಂತಿತ್ತಾ?" ಮೊಬೈಲ್ ತೆಗೆದು ತೋರಿಸಿದೆ: ನಮ್ಮ ಗೌರಿ ಕೊರಳಲ್ಲಿ ಸರ, ಪಕ್ಕದಲ್ಲಿ ಕರು ನಿಂತು ಅದರ ಪಚ್ಚೆತೆನೆಯನ್ನೆಲ್ಲ ಮೇಯುತ್ತಿದೆ. ಕನ್ನಡಕ ಮೇಲೆ ಮಾಡಿ ಎರಡು ಸಲ ನೋಡಿದರು.

"ಗಂಟು ಬಿಟ್ಟಿಲ್ಲ ನೋಡು. ಮುಂದಿನ ವರ್ಷ ಹಣ್ಣಡಿಕೆ ತಾ."