ಆರನೇ ಡಿವಿಷನ್ನಿನ ಮ್ಯಾನೇಜರ್‌ಗಿರಿ

ಬ್ಲೈತ್ ಸ್ಪಾರ್ಟನ್ಸ್ ಅನ್ನುವ ಫುಟ್‌ಬಾಲ್ ಕ್ಲಬ್ಬಿನ ಹೆಸರು ನಮ್ಮ ಕಡೆ ಕೇಳಿದವರು ಕಡಿಮೆ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ನ್ಯೂಕ್ಯಾಸಲ್‌ಗೆ ಹತ್ತಿರ ಇರುವ ಕಡಲತೀರದ ಊರು ಬ್ಲೈತ್. ಹಸಿರು-ಬಿಳಿ ಪಟ್ಟೆಯ ಜರ್ಸಿ, ಕ್ರಾಫ್ಟ್ ಪಾರ್ಕ್ ಅನ್ನುವ ಪುಟ್ಟ ಮೈದಾನ. ಸಣ್ಣ-ದೊಡ್ಡ ಕ್ಲಬ್ಬುಗಳೆಲ್ಲ ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್. 1978ರಲ್ಲಿ ಅದರಲ್ಲಿ ಇವರು ತಮಗಿಂತ ಎಷ್ಟೋ ದೊಡ್ಡ ಕ್ಲಬ್ಬಾದ ಸ್ಟೋಕ್ ಸಿಟಿಯನ್ನು ಅದರ ಮೈದಾನದಲ್ಲೇ 3-2ರಿಂದ ಸೋಲಿಸಿ ಐದನೇ ಸುತ್ತಿಗೆ ಹೋದರು. ಅಲ್ಲಿ ರೆಕ್ಸಮ್ ಜೊತೆ ಡ್ರಾ. ಮರುಪಂದ್ಯ ನಡೆದದ್ದು ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ, ನೋಡಲು ಬಂದವರು 42 ಸಾವಿರಕ್ಕೂ ಜಾಸ್ತಿ. ಸೋತರು, ಆದರೆ ಕ್ಲಬ್ಬಿಗೆ ಒಂದು ಕಥೆ ಉಳಿಯಿತು. ಫುಟ್‌ಬಾಲ್ ಮ್ಯಾನೇಜರ್ 2020 ಅನ್ನುವ, ಮ್ಯಾನೇಜರ್ ಆಗಿ ಕ್ಲಬ್ ನಡೆಸುವ ಕಂಪ್ಯೂಟರ್ ಆಟದಲ್ಲಿ ನಾನು ಇವರನ್ನು ಆರಿಸಿಕೊಳ್ಳಲು ಆ ಕಥೆಯೇ ಕಾರಣ. ಊರನ್ನು ಮ್ಯಾಪಿನಲ್ಲಿ ನೋಡಿದ್ದಷ್ಟೇ.

ಇವರು ಆಗ ಇದ್ದದ್ದು ನ್ಯಾಷನಲ್ ಲೀಗ್ ನಾರ್ತ್‌ನಲ್ಲಿ. ಪ್ರೀಮಿಯರ್ ಲೀಗ್‌ನಿಂದ ಎಣಿಸಿದರೆ ಆರನೇ ಹಂತ. ಇನ್ನೂ ಕೆಳಗಿನ ಲೀಗ್‌ಗಳಿರುವ ಬೇರೆ ಡೇಟಾಬೇಸ್ ಹಾಕಿಕೊಳ್ಳದಿದ್ದರೆ ಇಂಗ್ಲೆಂಡಿನಲ್ಲಿ ಆಟ ನಿಮಗೆ ಕೊಡುವ ಕೊನೆಯ ಹಂತವೂ ಇದೇ. ಆಟಗಾರರೆಲ್ಲ ಬೇರೆ ಕೆಲಸ ಮಾಡಿಕೊಂಡು ಸಂಜೆ ಪ್ರಾಕ್ಟೀಸಿಗೆ ಬರುವವರು. ಆಟಗಾರರನ್ನು ಕೊಳ್ಳುವ ದುಡ್ಡು, ಅಂದರೆ ಟ್ರಾನ್ಸ್‌ಫರ್ ಬಜೆಟ್, ಸೊನ್ನೆ.

ಇಲ್ಲಿ ಹೆಚ್ಚಿನವರು ಮೊದಲು ತೆರೆಯುವುದು ಟ್ಯಾಕ್ಟಿಕ್ಸ್ ಪುಟ. ನಾನು ತೆರೆದದ್ದು ಕಾಂಟ್ರಾಕ್ಟ್ ಪಟ್ಟಿ. ನನ್ನ ಪ್ರಕಾರ ಈ ಮಟ್ಟದಲ್ಲಿ ಸೀಸನ್ ಮುಕ್ಕಾಲು ಪಾಲು ತೀರ್ಮಾನವಾಗುವುದು ಜೂನ್-ಜುಲೈನಲ್ಲಿ, ಒಂದು ಪಂದ್ಯವೂ ಆಡುವ ಮೊದಲು. ಜೂನ್ 30ಕ್ಕೆ ಅರ್ಧ ಇಂಗ್ಲೆಂಡಿನ ಆಟಗಾರರ ಕಾಂಟ್ರಾಕ್ಟ್ ಮುಗಿಯುತ್ತದೆ. ದೊಡ್ಡ ಕ್ಲಬ್ಬುಗಳು ಅಕಾಡೆಮಿಯ ಹುಡುಗರನ್ನು ಬಿಟ್ಟುಬಿಡುತ್ತವೆ. ಕೆಲವರಿಗೆ ಆಗಸ್ಟ್ ಬಂದರೂ ಕೆಲಸ ಸಿಕ್ಕಿರುವುದಿಲ್ಲ. ಜುಲೈ ಮೊದಲ ವಾರದಲ್ಲಿ ಕೇಳುವ ಸಂಬಳಕ್ಕೂ ಸೀಸನ್ ಹತ್ತಿರ ಬಂದಾಗ ಕೇಳುವ ಸಂಬಳಕ್ಕೂ ಎಷ್ಟೋ ವ್ಯತ್ಯಾಸ. ಗೋಲ್‌ಕೀಪರ್ ಒಬ್ಬನನ್ನು ಬೇಗ ಹಿಡಿಯುತ್ತೇನೆ. ಉಳಿದವರಿಗೆ ಕಾಯುತ್ತೇನೆ.

ಕಾಯುತ್ತಾ ಮಾಡುವ ಕೆಲಸ ಟ್ರಯಲ್. ಆಟದಲ್ಲಿ ಪ್ರತಿ ಆಟಗಾರನ ಗುಣಗಳಿಗೆ 1ರಿಂದ 20ರವರೆಗೆ ಅಂಕಿ. ಸ್ಕೌಟಿಂಗ್‌ಗೆ, ಅಂದರೆ ಆಟಗಾರರನ್ನು ಹೋಗಿ ನೋಡಿ ಬರುವುದಕ್ಕೆ, ದುಡ್ಡಿಲ್ಲದ ಕ್ಲಬ್ಬಿಗೆ ಹೊಸ ಆಟಗಾರನ ಅಂಕಿಗಳು ಮಸುಕಾಗಿ ಕಾಣುತ್ತವೆ. ಜಂಪಿಂಗ್ ರೀಚ್ (ಎಷ್ಟು ಎತ್ತರ ಹಾರಿ ಚೆಂಡು ಮುಟ್ಟಬಲ್ಲ) 8ರಿಂದ 14 ಅಂತಿರುತ್ತದೆ. 8 ಆದರೆ ಬೇಡ, 14 ಆದರೆ ಚಿನ್ನ! ಟ್ರಯಲ್‌ಗೆ ಕರೆಸಿ ಒಂದೆರಡು ಫ್ರೆಂಡ್ಲಿ ಆಡಿಸಿದರೆ ಅಂಕಿ ಬಿಚ್ಚಿಕೊಳ್ಳುತ್ತದೆ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆ ಫ್ರೆಂಡ್ಲಿಗಳನ್ನೂ ನಾನು ಸುಮ್ನೆ ಇಡುವುದಿಲ್ಲ. ಹತ್ತಿರದ ದೊಡ್ಡ ಕ್ಲಬ್ಬನ್ನು ನಮ್ಮ ಮೈದಾನಕ್ಕೇ ಕರೆಯುತ್ತೇನೆ. ಸೋತರೆ ಸೋಲಲಿ, ಗೇಟ್ ದುಡ್ಡು ಬರುತ್ತದಲ್ವಾ.

ಹೀಗೆ ಸಿಕ್ಕ ಒಬ್ಬ ಸೆಂಟರ್ ಬ್ಯಾಕ್‌ನ (ನಡುವಿನ ಡಿಫೆಂಡರ್) ಮಾತುಕತೆ ಹೇಳುತ್ತೇನೆ. ಈ ಮಟ್ಟದಲ್ಲಿ ಎಷ್ಟೋ ಜನರಿಗೆ ಏಜೆಂಟ್ ಇರುವುದಿಲ್ಲ, ಆಟಗಾರನೇ ಎದುರು ಕೂರುತ್ತಾನೆ. ವಾರಕ್ಕೆ 250 ಪೌಂಡ್ ಕೇಳಿದ. ನಾನು ಸಂಬಳವನ್ನು 120ಕ್ಕೆ ಇಳಿಸಿ, ಆಡಿದ ಪ್ರತಿ ಪಂದ್ಯಕ್ಕೆ 70 ಅಂತ ಸೇರಿಸಿದೆ. ಮುಖ ಸಿಂಡರಿಸಿದ, ಒಪ್ಪಿದ. ಲೆಕ್ಕ ನೋಡಿ: ಆಗ ಲೀಗ್‌ನಲ್ಲಿ ಇದ್ದದ್ದು 42 ಪಂದ್ಯ, ವರ್ಷಕ್ಕೆ 52 ವಾರ. ಎಲ್ಲ ಪಂದ್ಯ ಆಡಿದರೂ ಅವನಿಗೆ ಸಿಗುವುದು ಕೇಳಿದ್ದಕ್ಕಿಂತ ಕಡಿಮೆ. ಗಾಯವಾಗಿ ಕೂತರೆ ನನಗೆ ವಾರಕ್ಕೆ 120 ಮಾತ್ರ ಖರ್ಚು. ಬೋನಸ್‌ಗಳಲ್ಲಿ ಕ್ಲೀನ್ ಶೀಟ್ (ಎದುರಾಳಿಗೆ ಒಂದೂ ಗೋಲ್ ಬಿಡದ ಪಂದ್ಯ) ಬೋನಸ್ ಕೊಡುತ್ತೇನೆ. ಪ್ರಮೋಷನ್ ಆಗಿ ಮೇಲಿನ ಡಿವಿಷನ್ನಿಗೆ ಹೋದರೆ ಸಂಬಳ ಇಷ್ಟು ಪರ್ಸೆಂಟ್ ಜಾಸ್ತಿ ಅನ್ನುವ ಷರತ್ತಿಗೆ ಮಾತ್ರ ಒಪ್ಪುವುದಿಲ್ಲ. ಗೆದ್ದ ಖುಷಿಯಲ್ಲಿ ಇಡೀ ತಂಡದ ಸಂಬಳ ಒಟ್ಟಿಗೆ ಏರಿದರೆ ಮುಂದಿನ ವರ್ಷ ಒಬ್ಬ ಹೊಸಬನನ್ನೂ ತರಲಾಗುವುದಿಲ್ಲ.

ಇನ್ನೊಂದು ವಿಷಯ. ಆಟಗಾರನನ್ನು ನಾನ್-ಕಾಂಟ್ರಾಕ್ಟ್ ಮೇಲೆ ಇಟ್ಟುಕೊಳ್ಳುವುದು ಅಗ್ಗ, ಆಡಿದರೆ ಮಾತ್ರ ದುಡ್ಡು. ಆದರೆ ಯಾವ ಕ್ಲಬ್ಬಾದರೂ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಎತ್ತಿಕೊಂಡು ಹೋಗಬಹುದು. ನವೆಂಬರ್ ಹೊತ್ತಿಗೆ ನಿಮ್ಮ ಸ್ಟ್ರೈಕರ್ ಹತ್ತು ಗೋಲ್ ಹೊಡೆದಿದ್ದರೆ ಮೇಲಿನ ಡಿವಿಷನ್ನಿನವರು ಬಂದೇ ಬರುತ್ತಾರೆ. ಹಾಗಾಗಿ ಬೆಂಚ್ ಮೇಲಿನವರಿಗೆ ನಾನ್-ಕಾಂಟ್ರಾಕ್ಟ್. ಗೋಲ್ ಹೊಡೆಯುವವನಿಗೆ ಎರಡು ವರ್ಷದ ಪಾರ್ಟ್-ಟೈಮ್ ಕಾಂಟ್ರಾಕ್ಟ್. ಅವನು ಹೋಗುವುದಾದರೂ ನಾಲ್ಕು ಕಾಸು ಕೊಟ್ಟು ಹೋಗಲಿ.

ಲೋನ್ ಆಟಗಾರರು, ಅಂದರೆ ಬೇರೆ ಕ್ಲಬ್ಬಿನಿಂದ ಸ್ವಲ್ಪ ಕಾಲಕ್ಕೆ ಬರುವವರು, ಪುಣ್ಯಕ್ಕೆ ಸಿಗುತ್ತಾರೆ, ಎಷ್ಟೋ ಸಲ ಸಂಬಳವನ್ನು ಅವರ ಕ್ಲಬ್ಬೇ ಕೊಡುತ್ತದೆ. ಆದರೆ ಪಂದ್ಯದ ತಂಡದಲ್ಲಿ ಐದು ಜನಕ್ಕಿಂತ ಜಾಸ್ತಿ ಲೋನ್‌ನವರನ್ನು ಹಾಕುವ ಹಾಗಿಲ್ಲ. ಎಂಟು ಜನರನ್ನು ತಂದು ಮೂವರನ್ನು ಪ್ರತಿ ಶನಿವಾರ ಹೊರಗೆ ಕೂರಿಸಿದರೆ ಅವರ ಕ್ಲಬ್ ವಾಪಸ್ ಕರೆಸಿಕೊಳ್ಳುತ್ತದೆ. ನಾನು ಐದಕ್ಕೇ ನಿಲ್ಲಿಸುತ್ತೇನೆ. ಅದರಲ್ಲಿ ಎರಡು ಜಾಗ ಯಾವಾಗಲೂ ಅಂಚಿನಲ್ಲಿ ಓಡುವ ವಿಂಗರ್‌ಗಳಿಗೆ, ಯಾಕೆಂದರೆ ಓಡುವ ಹುಡುಗರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಈ ಮಟ್ಟದಲ್ಲಿ ಕಷ್ಟ.

ಟ್ಯಾಕ್ಟಿಕ್ಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನಮ್ಮ ಡಿಫೆಂಡರ್‌ಗಳ ಪಾಸಿಂಗ್ 5, 6. ಅಂಥವರಿಗೆ ಗೋಲ್‌ಕೀಪರ್‌ನಿಂದ ಚೆಂಡು ಶುರು ಮಾಡಿ ಸಣ್ಣ ಪಾಸ್ ಆಡಿ ಅನ್ನುವುದು ಎದುರಾಳಿಗೆ ಗೋಲ್ ಉಡುಗೊರೆ ಕೊಟ್ಟ ಹಾಗೆ. 4-4-2 (ನಾಲ್ಕು ಡಿಫೆಂಡರ್, ನಾಲ್ಕು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್), ಮುಂದೆ ಉದ್ದದ ಪಾಸ್ ಹಿಡಿಯಲು ಒಬ್ಬ ಎತ್ತರದ ಟಾರ್ಗೆಟ್ ಮ್ಯಾನ್, ಪಕ್ಕದಲ್ಲಿ ಒಬ್ಬ ವೇಗದವನು, ಚೆಂಡು ನೇರ ಮುಂದಕ್ಕೆ. ಪೇಸ್, ಆಕ್ಸಲರೇಷನ್, ಸ್ಟ್ರೆಂತ್, ವರ್ಕ್ ರೇಟ್ ಈ ನಾಲ್ಕು ಚೆನ್ನಾಗಿದ್ದರೆ ಉಳಿದದ್ದಕ್ಕೆ ಕಣ್ಣು ಮುಚ್ಚುತ್ತೇನೆ. ಲಾಂಗ್ ಥ್ರೋ (ಗೆರೆಯಾಚೆಯಿಂದ ಚೆಂಡನ್ನು ದೂರ ಎಸೆಯುವುದು) 15 ಇರುವ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಸಿಕ್ಕರೆ ಅವನಿಗೆ ಬೇರೇನೂ ಬರದಿದ್ದರೂ ಪರವಾಗಿಲ್ಲ, ಪ್ರತಿ ಥ್ರೋ ಒಂದು ಕಾರ್ನರ್ ಇದ್ದ ಹಾಗೆ. ನೋಡಲು ಚಂದ ಇರುವುದಿಲ್ಲ. ಜನವರಿಯ ಕೆಸರಿನಲ್ಲಿ ಚಂದ ಯಾರಿಗೆ ಬೇಕು?

ಜನವರಿ ಅಂದೆನಲ್ಲ, ಚಳಿಗಾಲಕ್ಕೂ ಒಂದು ತಯಾರಿ ಬೇಕು. ಮೈದಾನ ಹೆಪ್ಪುಗಟ್ಟಿ, ನೀರು ನಿಂತು ಪಂದ್ಯಗಳು ಮುಂದಕ್ಕೆ ಹೋಗುತ್ತವೆ. ಅವೆಲ್ಲ ಮಾರ್ಚ್-ಏಪ್ರಿಲ್‌ನಲ್ಲಿ ಮಂಗಳವಾರ-ಶನಿವಾರ, ಮಂಗಳವಾರ-ಶನಿವಾರ ಅಂತ ಬಂದು ಬೀಳುತ್ತವೆ. ಪಾರ್ಟ್-ಟೈಮ್ ಆಟಗಾರರ ಕಾಲು ಅಷ್ಟು ತಡೆಯುವುದಿಲ್ಲ. ಜನವರಿಯಲ್ಲೇ ಮಿಡ್‌ಫೀಲ್ಡ್‌ಗೆ ಇಬ್ಬರನ್ನು ಹೆಚ್ಚುವರಿಯಾಗಿ ಹಿಡಿದಿಡಿ. ಪ್ರಮೋಷನ್‌ಗಾಗಿ ಸೀಸನ್ ಕೊನೆಗೆ ನಡೆಯುವ ಪ್ಲೇಆಫ್‌ನಲ್ಲಿ ನಾವು ಜಾಗ ಉಳಿಸಿಕೊಂಡದ್ದು ಆ ಇಬ್ಬರಿಂದ.

ದುಡ್ಡು ಬರುವ ದಾರಿ ಎಫ್‌ಎ ಕಪ್. ನಾರ್ತ್ ತಂಡಗಳು ಎರಡನೇ ಕ್ವಾಲಿಫೈಯಿಂಗ್ ಸುತ್ತಿನಿಂದ ಆಡುತ್ತವೆ. ಅಲ್ಲಿಂದ ಮುಖ್ಯ ಟೂರ್ನಿಯ ಮೊದಲ ಸುತ್ತಿಗೆ ಹೋಗಲು ಮೂರು ಗೆಲುವು ಸಾಕು. ಅಲ್ಲಿ ಲೀಗ್ ಒನ್, ಲೀಗ್ ಟು (ಮೂರನೇ, ನಾಲ್ಕನೇ ಹಂತ) ತಂಡಗಳು ಸಿಗುತ್ತವೆ, ಪ್ರೀಮಿಯರ್ ಲೀಗ್‌ನವರು ಬರುವುದು ಮೂರನೇ ಸುತ್ತಿಗೆ. ಸೆಪ್ಟೆಂಬರ್-ಅಕ್ಟೋಬರ್‌ನ ಈ ಕ್ವಾಲಿಫೈಯಿಂಗ್ ಪಂದ್ಯಗಳಿಗೆ ಎಷ್ಟೋ ಜನ ಎರಡನೇ ತಂಡ ಇಳಿಸುತ್ತಾರೆ. ನಾನು ಲೀಗ್ ಪಂದ್ಯದಲ್ಲಿ ಬೇಕಾದರೆ ವಿಶ್ರಾಂತಿ ಕೊಡುತ್ತೇನೆ, ಕಪ್‌ನಲ್ಲಿ ಇಲ್ಲ. ಬಹುಮಾನದ ದುಡ್ಡು ಬಂದ ದಿನವೇ ಬೋರ್ಡ್ ಹತ್ತಿರ ಹೋಗಿ ಇನ್ನೊಬ್ಬ ಕೋಚ್ ಕೇಳುತ್ತೇನೆ. ಖಾತೆ ಖಾಲಿ ಇದ್ದಾಗ ಕೇಳಿದರೆ ಅವರು ಕೊಡುವುದಿಲ್ಲ.