ತೋಡಿನ ನೀರು ಎಲ್ಲಿಂದ ಬರುತ್ತದೆ? ನೀವೇ ನಕ್ಷೆ ಬರೆಯಿರಿ

2020ರ ಸೆಪ್ಟೆಂಬರ್ 20ರಂದು ಉಡುಪಿಯ ಕಲ್ಸಂಕ, ಬೈಲಕೆರೆ, ಮಠದಬೆಟ್ಟು ಪರಿಸರವನ್ನು ಮುಳುಗಿಸಿದ ನೀರೆಲ್ಲ ಅಲ್ಲೇ ಸುರಿದ ಮಳೆಯದ್ದಲ್ಲ. ಮೇಲಿನ ಇಂದ್ರಾಳಿ, ಮಣಿಪಾಲದ ಇಳಿಜಾರಿಗೆ ಬಿದ್ದದ್ದೂ ಇಂದ್ರಾಣಿ ಎಂಬ ತೋಡನ್ನು, ಅಂದರೆ ಸಣ್ಣ ಹೊಳೆಯನ್ನು, ಸೇರಿ ಅಲ್ಲಿಗೇ ಇಳಿಯುತ್ತದೆ. ಒಂದು ತೋಡಿಗೆ ನೀರುಣಿಸುವ ಅಷ್ಟೂ ನೆಲ ಅದರ ಜಲಾನಯನ ಪ್ರದೇಶ. ತೋಡಿನ ಬದಿಯಲ್ಲಿ ವಾಸಿಸುವ ಪ್ರತಿಯೊಬ್ಬರೂ ಅದರ ಗಡಿಯನ್ನು ತಿಳಿದಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಅಳತೆಯ ನಕ್ಷೆ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ಅಳತೆ ಬದಲಾಗದಂತೆ ಮುದ್ರಿಸಿಕೊಳ್ಳಿ. ಮೊದಲು ತೋಡಿನ ಕೆಳತುದಿಯಲ್ಲಿ ಒಂದು ಬಿಂದು ಗುರುತಿಸಿ. ಒಂದು ಸಂಕ (ಕಿರು ಸೇತುವೆ) ಅಥವಾ ಮೋರಿಯಾದರೆ ಒಳ್ಳೆಯದು. ಸಮುದ್ರದ ಭರತದ ನೀರು ಹಿಮ್ಮುಖವಾಗಿ ಏರುವ ಜಾಗ ಬೇಡ, ಅದಕ್ಕಿಂತ ಮೇಲಿರಲಿ. ಅಲ್ಲಿಂದ ತೋಡನ್ನೂ ಅದಕ್ಕೆ ಸೇರುವ ಕವಲುಗಳನ್ನೂ ನೀಲಿ ಬಣ್ಣದಲ್ಲಿ ತಿದ್ದಿ.

ಈಗ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ನೋಡಿ. ತೋಡನ್ನು ದಾಟುವಲ್ಲಿ ಅವು 'ವಿ' ಆಕಾರದಲ್ಲಿ ಬಾಗುತ್ತವೆ. ಅದರ ಚೂಪು ತುದಿ ನೀರು ಬರುವ ಕಡೆಗಿರುತ್ತದೆ. ಗುಡ್ಡೆಯ ಏಣಿನಲ್ಲಿ (ನೀರು ಎರಡು ಕಡೆಗೆ ಹಂಚಿಹೋಗುವ ಎತ್ತರದ ಸಾಲಿನಲ್ಲಿ) ಇದಕ್ಕೆ ತದ್ವಿರುದ್ಧ, ಬಾಗು ಕೆಳಮುಖ. ಆರಿಸಿದ ಬಿಂದುವಿನಿಂದ ಎರಡೂ ಕಡೆಗೆ ಏಣಿನ ಮೇಲೆ ಗೆರೆ ಎಳೆಯುತ್ತಾ ಹೋಗಿ ಮೇಲ್ತುದಿಯಲ್ಲಿ ಕೂಡಿಸಿ. ಗೆರೆ ಸಮೋನ್ನತಿ ರೇಖೆಗಳನ್ನು ನೇರ ಅಡ್ಡವಾಗಿ ದಾಟಬೇಕು. ಎಲ್ಲಾದರೂ ನೀಲಿ ಗೆರೆಯನ್ನು ದಾಟಿತೆಂದರೆ ತಪ್ಪಾಗಿದೆ, ಅಳಿಸಿ ಮತ್ತೆ ಎಳೆಯಿರಿ. ಮಣಿಪಾಲದಲ್ಲಿ ಈ ಗೆರೆಯ ಅರ್ಥ ಕಣ್ಣಿಗೇ ಕಾಣುತ್ತದೆ: ಎಂಡ್ ಪಾಯಿಂಟ್ ಕಡೆಗೆ ಇಳಿದ ಮಳೆ ಸ್ವರ್ಣಾ ನದಿಯ ಪಾಲು, ಇಂದ್ರಾಳಿಯ ಕಡೆಗೆ ಇಳಿದದ್ದು ಇಂದ್ರಾಣಿಯದ್ದು.

ಗಡಿಯ ಒಳಗಿನ ಒಂದು ಚದರ ಸೆಂಟಿಮೀಟರ್ ಎಂದರೆ ನೆಲದಲ್ಲಿ 0.25 ಚದರ ಕಿಲೋಮೀಟರ್. ಗ್ರಾಫ್ ಹಾಳೆ ಇಟ್ಟು ಎಣಿಸಿ. ಒಂದು ಚದರ ಕಿಲೋಮೀಟರಿಗೆ 100 ಮಿಲಿಮೀಟರ್ ಮಳೆ ಬಿದ್ದರೆ 10 ಕೋಟಿ ಲೀಟರ್ ನೀರು.

ಅದಷ್ಟೂ ಒಮ್ಮೆಲೇ ಹರಿದು ಬರುವುದಿಲ್ಲ. ನಮ್ಮ ಪದವುಗಳ (ಗುಡ್ಡೆಯ ಮೇಲಿನ ಸಮತಟ್ಟು ನೆಲದ) ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ, ರಂಧ್ರಮಯವಾದದ್ದು, ಮಳೆಯನ್ನು ಹೀರುತ್ತದೆ. ಕೆಳಗಿನ ಶೇಡಿ ಮಣ್ಣು (ನುಣುಪಾದ ಜೇಡಿ) ನೀರನ್ನು ಸುಲಭವಾಗಿ ಇಳಿಯಗೊಡದ ಕಾರಣ ಅದು ಬದಿಗೆ ಸರಿದು ಗುಡ್ಡೆಯ ಬುಡದಲ್ಲಿ ಒಸರಾಗಿ (ಒರತೆಯಾಗಿ) ಹೊರಬರುತ್ತದೆ. ಮಳೆ ನಿಂತ ಮೇಲೂ ತೋಡು ಹರಿಯುವುದು ಇದರಿಂದಲೇ. ಪದವಿನ ಮೇಲೆ ಕಾಂಕ್ರೀಟು ಹಾಸಿದರೆ ಎರಡು ನಷ್ಟ: ಮಳೆಗಾಲದಲ್ಲಿ ಕೆಳಗಿನ ಬೈಲಿಗೆ ನೆರೆ, ಬೇಸಗೆಯಲ್ಲಿ ಅದೇ ಬೈಲಿನ ಬಾವಿಗೆ ಬರ. ಆದ್ದರಿಂದ ನಕ್ಷೆಯಲ್ಲಿ ಕಟ್ಟಡ, ರಸ್ತೆ, ಬರಿಯ ಪಾರೆ (ಬಂಡೆ ನೆಲ), ಮರಗಳಿರುವ ಗುಡ್ಡೆ, ಗದ್ದೆ ಇವಕ್ಕೆ ಬೇರೆ ಬೇರೆ ಬಣ್ಣ ಕೊಡಿ. ಬೆಟ್ಟು (ಎತ್ತರದ), ಮಜಲು (ನಡುವಿನ), ಬೈಲು (ತಗ್ಗಿನ) ಗದ್ದೆಗಳನ್ನು ಪ್ರತ್ಯೇಕಿಸಿದರೆ ಇನ್ನೂ ಉತ್ತಮ. ಊರಿನ ಹಿರಿಯ ಕೃಷಿಕರು ಇದನ್ನು ನಿಂತಲ್ಲೇ ತೋರಿಸಿಕೊಡುತ್ತಾರೆ.

ಇನ್ನು ಕೊಡೆ ಹಿಡಿದು ಹೊರಡಿ. ನಕ್ಷೆಯ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರವಿರುವುದರಿಂದ ಪೇಟೆಯ ಸಣ್ಣ ಏರಿಳಿತ ಅದರಲ್ಲಿ ಕಾಣದು. ಹೆದ್ದಾರಿಯ ಚರಂಡಿ, ರೈಲು ಹಳಿಯ ದಿಬ್ಬ ನೀರನ್ನು ಒಂದು ತೋಡಿನಿಂದ ತಪ್ಪಿಸಿ ಇನ್ನೊಂದಕ್ಕೆ ಹಾಕಿರಬಹುದು. ಜುಲೈ ತಿಂಗಳ ಸಾಧಾರಣ ಮಳೆಯಲ್ಲಿ, ರಸ್ತೆಯ ಮೇಲೆಯೇ ನಿಂತು ಪ್ರತಿ ಮೋರಿಯಲ್ಲಿ ನೀರು ಯಾವ ಕಡೆಗೆ ಓಡುತ್ತದೆ ಎಂದು ಬಾಣ ಹಾಕಿ. ನೆರೆಯ ನೀರಿಗೆ ಇಳಿಯಬೇಡಿ. ಬಾಣಗಳು ಗಡಿಗೆ ಹೊಂದದ ಕಡೆ ಬಾಣವನ್ನೇ ನಂಬಿ, ಗಡಿಯನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ದಿನಾಂಕ ಬರೆದಿಡಿ.